ಕಾಮಗೆರೆ ಡಾಕ್ಟರಿಗೆ ನಾನು ಹೇಳಿದ ‘ಇಲ್ಲ’

ನೀಲಾ, ಅವತ್ತು ಕಾಮಗೆರೆ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಪ್ರಶ್ನೆ ಕೇಳಿದರು. ನಿನಗದು ಕೇಳಿಸಲಿಲ್ಲ. ನಿನ್ನ ಬದಲು ನಾನು ಉತ್ತರ ಕೊಟ್ಟೆ — ಸುಳ್ಳು ಉತ್ತರ. ಐವತ್ತು ವರ್ಷದ ಮೇಲಾಯಿತು, ಒಡಹುಟ್ಟಿದ ತಂಗಿಯಿಂದ ಅದನ್ನು ಮುಚ್ಚಿಟ್ಟಿದ್ದೇನೆ.

ಈಚೆಗೆ ನನಗೊಂದು ನೆಪ ಸಿಕ್ಕಿತ್ತು. ನಿನ್ನ ಇನ್ನೊಂದು ಕಿವಿಯೂ ಮಂದ. ಏನು ಹೇಳಬೇಕಾದರೂ ಕಿರುಚಬೇಕು. ಕಿರುಚಿದರೆ ಹನೂರಿನ ನಿಮ್ಮ ಬೀದಿಗೆಲ್ಲ ಕೇಳುತ್ತದೆ. ತಪ್ಪನ್ನು ಯಾರಾದರೂ ತಮಟೆ ಹೊಡೆದು ಒಪ್ಪಿಕೊಳ್ಳುತ್ತಾರಾ? ಆದರೆ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದು ಕಲಿಸಿಬಿಟ್ಟಳು. “ಮೊದ್ಲು ಯಾರ್ಗೆ ಬರೀತೀಯಜ್ಜಿ?” ಅಂದಳು. “ನಿನ್ ಗಂಡನ ಮನೆಯವ್ರಿಗೆ, ನಿನ್ ಗುಣ ಎಲ್ಲಾನೂವೆ” ಅಂದೆ. ಅವಳು ನಗುತ್ತಾ ಹೋದಳು. ನಾನು ನಿನ್ನ ಹೆಸರು ಒತ್ತಿ ಕೂತೆ. ಒಂದೇ ಬೆರಳು, ಮೂರು ದಿನ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಮೊದಲಿನಿಂದ ಬರೆಯದಿದ್ದರೆ ಕೊನೆಯದನ್ನು ಬರೆಯದೆ ತಪ್ಪಿಸಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಕೊಳ್ಳೇಗಾಲದ ಮನೆಯಲ್ಲಿ ಅಪ್ಪ ಎರಡನೇ ಮಗ್ಗ ಹೂಡಿದ ವರ್ಷ. ನನಗೆ ಹದಿನಾಲ್ಕು, ನಿನಗೆ ಹನ್ನೆರಡು. ಆ ಮಗ್ಗಕ್ಕೆ ನಮ್ಮಿಬ್ಬರಲ್ಲಿ ಕೂರುವವಳು ಒಬ್ಬಳೇ, ಕಿವಿ ಚುರುಕಿದ್ದವಳು. ನಮ್ಮಿಬ್ಬರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿ ಅಪ್ಪ ನೇಯುತ್ತಿದ್ದ; ಎಳೆ ಹರಿದದ್ದನ್ನು ನಾವು ಸದ್ದಿನಲ್ಲೇ ಗುರುತು ಹಿಡಿಯಬೇಕು. ನಾನು ಉಸಿರೆಳೆಯುವಷ್ಟರಲ್ಲಿ ನೀನು “ಎಡಕ್ಕೆ ಅರೀತು ಕಣಪ್ಪ” ಅನ್ನುತ್ತಿದ್ದೆ. ಅಪ್ಪ ನನ್ನ ಕಡೆ ತಿರುಗಿ, “ನಿಂದೇನಮ್ಮಿ, ಓಲೆ ತೂಗಾಕಕ್ ಇಟ್ಕಂಡಿರೋ ಕಿವಿಯಾ?” ಅನ್ನುತ್ತಿದ್ದ.

ಮಧ್ಯಾಹ್ನ ಮಲಗುವಾಗ ಮಗ್ಗದ ಸದ್ದು ತಡೆಯಲು ಹರಿದ ರೇಷ್ಮೆ ಎಳೆಗಳನ್ನು ಉಂಡೆ ಮಾಡಿ ಕಿವಿಗೆ ಇಟ್ಟುಕೊಳ್ಳುತ್ತಿದ್ದೆವಲ್ಲ. ಒಂದು ದಿನ ನೀನು ನಿದ್ದೆಯಲ್ಲಿದ್ದಾಗ ನಾನು ನಿನ್ನ ಬಲಗಿವಿಯ ಉಂಡೆಯನ್ನು ಕಿರುಬೆರಳಿನಿಂದ ಇನ್ನೂ ಒಳಕ್ಕೆ ಒತ್ತಿದೆ. ‘ಸಂಜೆ ಅಪ್ಪನ ಪರೀಕ್ಷೆಯಲ್ಲಿ ನೀನು ಸೋಲಲಿ ಅಂತ, ಅಷ್ಟೇ’ ಎಂದು ಬರೆದಿದ್ದೆ. ‘ಅಷ್ಟೇ’ ಅನ್ನುವುದನ್ನು ಅಳಿಸಿದೆ.

ಎದ್ದಾಗ ಉಂಡೆ ಬರಲಿಲ್ಲ. ನೀನು ಅಳತೊಡಗಿದೆ. ಮಗ್ಗದ ಹಣಿಗೆಯ ಹಲ್ಲುಗಳ ಸಂದಿನಿಂದ ಎಳೆ ಎಳೆಯುವ ಕೊಕ್ಕೆಯನ್ನು ನಾನು ತಂದೆ. ಕೂದಲಿಗಿಂತ ಸಣ್ಣ ಎಳೆಯನ್ನು ಹಿಡಿದು ತರುವ ಕೈಗೆ ಕಿವಿ ಯಾವ ಮಹಾ ಅಂದುಕೊಂಡೆ — ನೇಯುವವರ ಮನೆ ಹುಡುಗಿಯ ಜಂಬ. ಉಂಡೆ ಬಂತು. ಒಂದೆಳೆ ಉಳಿದಿತ್ತು. ಅದಕ್ಕೂ ಕೈ ಹಾಕಿದೆ.

ನಿನ್ನ ಕೂಗು. ಒಂದು ಹನಿ ರಕ್ತ. ಆಮೇಲೆ ವಾಂತಿ, ಮನೆಯೇ ತಿರುಗುತ್ತಿದೆ ಅಂತ ಎರಡೂ ಕೈಯಲ್ಲಿ ನೆಲ ಹಿಡಿದುಕೊಂಡೆ ನೀನು. “ಕೊಕ್ಕೆ ವಿಸ್ಯ ಅಪ್ಪಂಗೆ ಏಳ್ಬ್ಯಾಡ ಕಣಮ್ಮಿ” ಅಂತ ನಾನು ಬೇಡಿಕೊಂಡೆ. “ಬುಡಕ್ಕ, ನಾನೇ ಅಲ್ಲಾಡ್ದೆ” ಅಂದೆ ನೀನು. ಇವತ್ತಿಗೂ ಹಾಗೇ ನಂಬಿದ್ದೀಯ. ನೀನು ಅಲ್ಲಾಡಲಿಲ್ಲ ನೀಲಾ. ನನ್ನ ಕೈ ಜಾರಿತು.

ಮಾರನೇ ದಿನ ಕಾಮಗೆರೆ. ನೀನು ಬೆಂಚಿನ ಮೇಲೆ ಕಣ್ಣು ಮುಚ್ಚಿ, ಎಡಗಿವಿ ಅಪ್ಪನ ತೊಡೆಗೆ ಒತ್ತಿ ಮಲಗಿದ್ದೆ. “ಕಿವಿ ನೋವಾದ್ರೆ ಯಾಕ್ ಸಾ ಇಂಗ್ ವಾಲ್ತಾಳೆ? ಗಾಳಿ ಏನಾರ?” ಅಂದ ಅಪ್ಪ. ಡಾಕ್ಟರು ಸಮಾಧಾನವಾಗಿ ಹೇಳಿದರು: “ಗಾಳಿನೂ ಇಲ್ಲ, ಗ್ರಹನೂ ಇಲ್ಲ. ಕಿವಿ ಕೇಳೋದಕ್ಕೆ ಮಾತ್ರ ಅಂದ್ಕೋಬೇಡಿ. ಕಿವಿಯ ತಮಟೆ ಒಳಗಡೆ ಮೂರು ಚಿಕ್ಕ ಮೂಳೆ, ಅದರಾಚೆ ಬಸವನಹುಳದ ಚಿಪ್ಪಿನಂಥದ್ದು — ಅದು ಕೇಳೋದಕ್ಕೆ. ಅದರ ಪಕ್ಕದಲ್ಲೇ ಬಳೆ ಚೂರಿನ ಥರ ಮೂರು ಕೊಳವೆ, ಒಳಗೆ ನೀರು. ತಲೆ ತಿರುಗಿಸಿದರೆ ಆ ನೀರು ಅಲ್ಲಾಡುತ್ತೆ. ಅದರಿಂದಲೇ ಮೈಗೆ ಗೊತ್ತಾಗೋದು, ನೆಟ್ಟಗಿದ್ದೀನೋ ವಾಲಿದ್ದೀನೋ ಅಂತ.”

ಆಮೇಲೆ ನನ್ನನ್ನು ನೋಡಿದರು. “ಜೊತೆಗಿದ್ದವಳು ನೀನಲ್ವಾ? ಕಿವಿಗೆ ಏನಾದರೂ ಚುಚ್ಚಿತ್ತಾ? ಚುಚ್ಚಿದ್ದರೆ ಇವತ್ತೇ ಮೈಸೂರಿಗೆ ಕಳಿಸಬೇಕು. ಬರೀ ಕಿವಿ ಸೋರಿದ್ದಾದರೆ ಇಲ್ಲೇ ಔಷಧಿ ಕೊಡ್ತೀನಿ.”

“ಇಲ್ಲ ಸಾ, ಸೋರ್ತಿತ್ತು ಅಷ್ಟೇಯ.”

ಅಪ್ಪ ನನ್ನ ತಲೆ ಸವರಿದ. ತಂಗಿಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾಳೆ ಅಂತ.

ಮೈಸೂರಿನಲ್ಲಿ ವಾಸಿಯಾಗುತ್ತಿತ್ತೋ ಇಲ್ಲವೋ — ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವಳು ನಾನು. ಬಲಗಿವಿ ಹೋಯಿತು. ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಬಗ್ಗಿದರೆ ನಿನಗೆ ತಲೆ ಸುತ್ತುತ್ತಿತ್ತು. ಮಗ್ಗ ನನಗೆ ಬಂತು. ನೀನು ಗೋಡೆಗೊರಗಿ ನನ್ನ ಲಾಳಿಗೆ ರೇಷ್ಮೆ ನೂಲಿನ ಕಂಡಿಕೆ ಸುತ್ತಿದೆ, ವರ್ಷಗಟ್ಟಲೆ, ಒಂದು ದಿನವೂ ಮುಖ ಸಣ್ಣದು ಮಾಡದೆ. ಯಳಂದೂರಿನಿಂದ ಹೆಣ್ಣು ನೋಡಲು ಬಂದವರು, ಕಾಫಿ ತಟ್ಟೆ ಹಿಡಿದು ನೀನು ವಾಲಿದ್ದನ್ನು ನೋಡಿ, ಲೋಟ ಮುಟ್ಟದೆ ಎದ್ದರು. ಅವರು ಅಂದದ್ದು ನಿನಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಆಗಲಾದರೂ ಹೇಳಬಹುದಿತ್ತು. ನಾನು ಲೋಟ ತೊಳೆದಿಟ್ಟೆ.

ಮಗ್ಗದ ಆಸೆ, ಚಿಕ್ಕ ವಯಸ್ಸು, ಅಪ್ಪನ ಭಯ — ಎಲ್ಲ ನೆಪವನ್ನೂ ಒತ್ತಿ ನೋಡಿದೆ, ಎಲ್ಲವನ್ನೂ ಅಳಿಸಿದೆ. ಹದಿನಾಲ್ಕು ವರ್ಷದವಳು ಒಂದು ಸಲ ಸುಳ್ಳು ಹೇಳಿದಳು. ಉಳಿದ ದಿನವೆಲ್ಲ ಹೇಳಿದವಳು ದೊಡ್ಡವಳು.

ಇದನ್ನು ಈಗ ಕಳಿಸುತ್ತೇನೆ. ಕಳಿಸಿದ್ದನ್ನು ಅಳಿಸುವುದು ಮೊಮ್ಮಗಳು ಇನ್ನೂ ಹೇಳಿಕೊಟ್ಟಿಲ್ಲ, ಕೇಳುವುದೂ ಇಲ್ಲ. ನಾಳೆ ಬೆಳಗಿನ ಬಸ್ಸಿಗೆ ಹನೂರಿಗೆ ಬರುತ್ತೇನೆ. ಬಾಗಿಲು ತೆಗೆಯುವ ಮನಸ್ಸಾಗದಿದ್ದರೆ ತೆಗೆಯಬೇಡ. ಸಂಜೆಯ ಕೊನೇ ಬಸ್ಸಿನವರೆಗೂ ನಿನ್ನ ಜಗಲಿ ಮೇಲೆ ಕೂತಿರುತ್ತೇನೆ.