ಬಾಗದ ಬೆರಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಲಸೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ರಾಯಚೂರಿನಿಂದ ಬಂದು ಕೆ.ಆರ್. ಪುರದಲ್ಲಿ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿ ಹಲಸೂರಿನಲ್ಲಿ ಇಳಿಯುವಷ್ಟರಲ್ಲಿ ನನ್ನ ಸೊಂಟಕ್ಕೇ ಯಾರಾದರೂ ವ್ಯಾಯಾಮ ಹೇಳಿಕೊಡಬೇಕು ಅನ್ನಿಸುತ್ತಿತ್ತು.

ಅಲ್ಲಿಗೆ ಒಂದು ದಿನ ಅವರು ಬಂದರು. ಅರವತ್ತು ದಾಟಿದ ವಯಸ್ಸು, ಹಿಂದಕ್ಕೆ ಕಟ್ಟಿದ ಬಿಳಿ ಕೂದಲು, ಇಸ್ತ್ರಿ ಮಾಡಿದ ಕಪ್ಪು ಅಂಗಿ. ಸ್ಕೂಟರಿನಿಂದ ಬಿದ್ದು ಎಡಗೈಯ ಉಂಗುರದ ಬೆರಳು ಮುರಿದಿತ್ತು. ಮೂಳೆ ಕೂಡಿಕೊಂಡಿದ್ದರೂ ಕೀಲುಗಳು ಬಿಗಿದು, ಬೆರಳು ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತ್ತು.

"ಏನು ಕೆಲಸ ಮಾಡ್ತೀರಿ?" ಎಂದು ಕೇಳಿದೆ.

"ಗಿಟಾರ್ ಬಾರಿಸ್ತೀನಿ. ರಾಕ್."

"ಈಗಲೂನಾ?"

"ಈಗಲೂ ಅಂದ್ರೆ ಏನಮ್ಮಾ? ನಾನೇನು ಸತ್ತೋದ್ನಾ?"

ಕಾಕ್ಸ್ ಟೌನಿನ ಹಳೆಯ ಮನೆಯಲ್ಲಿ ಅಕ್ಕನೊಂದಿಗೆ ಇದ್ದರು. ಮನೆಮಾತು ತಮಿಳು. ಹರೆಯದಿಂದಲೇ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ, ಮದುವೆಗಳಲ್ಲಿ, ಕಾಲೇಜುಗಳಲ್ಲಿ ಬಾರಿಸಿದವರು. ನನಗೋ ರಾಕ್ ಎಂದರೆ ಪಕ್ಕದ ಕೋಣೆಯ ಹುಡುಗರು ಹಾಕುವ ಗದ್ದಲ, ಅಷ್ಟೇ. ನಾನು ಬೆಳೆದದ್ದು ಅಜ್ಜನ ಹಾರ್ಮೋನಿಯಂ ಮತ್ತು ತತ್ವಪದಗಳ ನಡುವೆ.

ತಿಂಗಳುಗಟ್ಟಲೆ ಅವರ ಕೈಯನ್ನು ಬಿಸಿ ಮೇಣದಲ್ಲಿ ಅದ್ದಿ ಆ ಬೆರಳನ್ನು ಬಾಗಿಸಲು ಹೆಣಗಿದೆ. ನೋವಾದಾಗ ತಮಿಳಿನಲ್ಲಿ ಕೆಟ್ಟದಾಗಿ ಬೈಯುತ್ತಿದ್ದರು. ಆಮೇಲೆ ಕನ್ನಡದಲ್ಲಿ, "ಬೈದದ್ದು ನಿಮ್ಗಲ್ಲಮ್ಮಾ, ಬೆರಳಿಗೆ" ಅನ್ನುತ್ತಿದ್ದರು.

ನಮ್ಮ ಕ್ಲಿನಿಕ್ಕಿನ ಡಾಕ್ಟರು ಒಮ್ಮೆ ಬಂದು ಕೈ ನೋಡಿ, "ಈ ವಯಸ್ಸಲ್ಲಿ ಯಾಕೆ ಸರ್ ಗಿಟಾರು? ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಲ್ಲ, ಸಾಕ್ಬಿಡಿ" ಎಂದರು.

"ಗುಂಡಿ ಹಾಕ್ಕೊಂಡು ಹೋಗೋದೆಲ್ಲಿಗೆ ಡಾಕ್ಟ್ರೇ?" ಎಂದರು ಇವರು.

ಕೊನೆಗೆ ನಾನೂ ನಿಜ ಹೇಳಲೇಬೇಕಾಯಿತು. "ಇದು ಇನ್ನು ಬಾಗಲ್ಲ ಸರ್." ಅವರು ಬೆರಳನ್ನು ಮುಖದ ಮುಂದೆ ಹಿಡಿದು, ಯಾರೋ ಅಪರಿಚಿತರನ್ನು ನೋಡುವಂತೆ ನೋಡಿದರು. "ಬಾಗಲ್ವಾ? ಬೇಡ ಬಿಡಿ" ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ಎಷ್ಟೋ ವಾರಗಳ ಮೇಲೆ ಬಾಗಿಲಲ್ಲಿ ತಲೆ ಹಾಕಿ, "ಭಾನುವಾರ ಸಂಜೆ ನಮ್ಮ ಚರ್ಚ್ ಹಾಲಲ್ಲಿ ಬಾರಿಸ್ತಾ ಇದೀನಿ. ಬನ್ನಿ" ಎಂದಷ್ಟೇ ಹೇಳಿ ಹೊರಟರು.

ನಾನು ಸೀರೆಯುಟ್ಟು ಮಲ್ಲಿಗೆ ಮುಡಿದು ಹೋದೆ. ಬಾಗಿಲಲ್ಲಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ಇದು ಇಂಗ್ಲಿಷ್ ಮ್ಯೂಸಿಕ್ ಪ್ರೋಗ್ರಾಂ" ಎಂದ.

"ಗೊತ್ತು ರೀ. ಗಿಟಾರನ್ನ ಯಾವ ಭಾಷೇಲಿ ಬಾರಿಸಿದ್ರೂ ಕೇಳ್ತೀನಿ" ಎಂದು ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಪಕ್ಕದಲ್ಲಿ ಹೂವಿನ ಫ್ರಾಕು ತೊಟ್ಟ ಅವರ ಅಕ್ಕ ಕೂತಿದ್ದರು. ಸಭಾಂಗಣ ಅರ್ಧ ತುಂಬಿತ್ತು, ಹೆಚ್ಚಿನವರು ಆ ಬೀದಿಗಳ ಹಿರಿಯರೇ.

ವೇದಿಕೆಯ ಮೇಲೆ ಮದುಮಗನನ್ನು ಕೂರಿಸುವಂಥ ದೊಡ್ಡ ಕುರ್ಚಿ, ಹಣ್ಣಿನ ಬುಟ್ಟಿ, ಶಾಲು. ಚರ್ಚ್ ಹಾಲಿನ ಕಾರ್ಯದರ್ಶಿ ಮೈಕು ಹಿಡಿದು, ನಮ್ಮ ಹೆಮ್ಮೆಯ ಕಲಾವಿದರು ಕೈಗೆ ಪೆಟ್ಟಾಗಿದ್ದರೂ ಒಂದು ಮೆಲುವಾದ ಹಾಡು ನುಡಿಸುತ್ತಾರೆ, ಆಮೇಲೆ ಅವರಿಗೆ ಬೀಳ್ಕೊಡುಗೆಯ ಸನ್ಮಾನ ಎಂದು ಘೋಷಿಸಿದರು.

ಇವರು ಮೈಕು ಕಸಿದುಕೊಂಡರು. "ಬೀಳ್ಕೊಡುಗೆ ಯಾರಿಗೆ ಮ್ಯಾನ್? ನಾನು ರಿಟೈರ್ ಆಗ್ತೀನಿ ಅಂತ ಯಾರು ಹೇಳಿದ್ದು? ಆ ಶಾಲು ಇಟ್ಕೊಂಡಿರು, ಸತ್ಮೇಲೆ ಹೊದಿಸು."

ಕುರ್ಚಿಯನ್ನು ಕಾಲಿನಿಂದಲೇ ಮೂಲೆಗೆ ತಳ್ಳಿದರು. ಗಿಟಾರನ್ನು ಹೆಗಲಿಗೇರಿಸಿ, ಜೇಬಿನಿಂದ ಬೆರಳುದ್ದದ ಒಂದು ಸ್ಟೀಲ್ ಕೊಳವೆ ತೆಗೆದು ಆ ನೆಟ್ಟಗಿನ ಬೆರಳಿಗೆ ತೊಡಿಸಿದರು. ಉಂಗುರ ಕೂತಂತೆ ಕೂತಿತು. ಬೆರಳು ಬಾಗಿಸಿ ತಂತಿಯನ್ನು ಒತ್ತಲೇ ಇಲ್ಲ. ಕೊಳವೆಯನ್ನು ಅದರ ಮೇಲೆ ಜಾರಿಸಿದರು. ಅಜ್ಜನ ಹಾರ್ಮೋನಿಯಂ ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹಾರುತ್ತಿತ್ತು. ಅವೆರಡರ ನಡುವೆ ಇದ್ದದ್ದನ್ನು ಅಜ್ಜ ಗಂಟಲಿನಲ್ಲಿ ತುಂಬುತ್ತಿದ್ದ. ಆ ಗಂಟಲು ಈಗ ಸ್ಪೀಕರಿನ ಕಪ್ಪು ಡಬ್ಬಿಯಿಂದ ಕೂಗುತ್ತಿತ್ತು.

ಎಲ್ಲವೂ ಸಲೀಸಾಗಿ ಹೋಗಲಿಲ್ಲ. ಕೊಳವೆ ಒಂದೆರಡು ಸಲ ಗಿಟಾರಿನ ಕಟ್ಟಿಗೆಗೆ ಬಡಿದು ಠಣ್ ಎಂದಿತು. ಅವರು ಮೈಕಿನಲ್ಲೇ ಬೈದು, ಮತ್ತೆ ಮೊದಲಿನಿಂದ ಶುರುಮಾಡಿದರು. ಡ್ರಮ್ಮು ಬಾರಿಸುವವನು ದಿಕ್ಕು ತಪ್ಪಿದ. ಅವನನ್ನೂ ಎಳೆದುಕೊಂಡು ಹೋದರು. ಮೂರನೆಯ ಹಾಡಿಗೆ ಕಾರ್ಯದರ್ಶಿ ವೇದಿಕೆಯ ಪಕ್ಕ ಬಂದು, ನೆರೆಯವರಿಗೆ ತೊಂದರೆ, ಸದ್ದು ಇಳಿಸಿ ಎಂದು ಕೈಸನ್ನೆ ಮಾಡಿದರು. ಇವರು ಅವರ ಮುಖವನ್ನೇ ನೋಡುತ್ತಾ ಸದ್ದಿನ ತಿರುಪನ್ನು ಇನ್ನಷ್ಟು ಮೇಲಕ್ಕೆ ತಿರುಗಿಸಿದರು.

"ಇನ್ನೂ ಜೋರಾಗಿ!" ಎಂದು ಅಕ್ಕ ಕೂಗಿ ಎದ್ದು ನಿಂತರು. ನಾನೂ ಎದ್ದೆ. ಹಿಂದಿನಿಂದ ಯಾರೋ, "ಕೂತ್ಕೊಳ್ಳಿ ಮೇಡಂ, ಕಾಣಲ್ಲ" ಎಂದರು. ಕೂರಲಿಲ್ಲ. ನಿಂತದ್ದು ನಾವಿಬ್ಬರೇ. ಕಾರ್ಯದರ್ಶಿ ಸೋತು, ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಆ ದೊಡ್ಡ ಕುರ್ಚಿಯಲ್ಲಿ ತಾವೇ ಕೂತರು.

ಮುಗಿದ ಮೇಲೆ ಅವರು ಬೆವರು ಒರೆಸಿಕೊಳ್ಳುತ್ತಾ ಇಳಿದು ಬಂದು, "ಹೇಗಿತ್ತು?" ಎಂದರು.

"ಮಣಿಕಟ್ಟು ಊದಿದೆ. ನಾಳೆ ಕ್ಲಿನಿಕ್ಕಿಗೆ ಬನ್ನಿ."

"ಅದನ್ನಲ್ಲ ಕೇಳಿದ್ದು."

"ಗೊತ್ತು ಸರ್. ಇನ್ನೊಂದ್ಸಲ ಕೇಳ್ಬೇಕು ನಾನು."

ಮರುದಿನ ಡಾಕ್ಟರು, "ಏನು, ಆ ಬೆರಳು ಬಾಗಿತಾ?" ಎಂದು ನಗುತ್ತಾ ಕೇಳಿದರು. "ಇಲ್ಲ ಸರ್. ಬಾಗೋದೂ ಬೇಡ" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆಮೇಲೂ ನಮ್ಮ ಗಿಟಾರಿನವರು ವರ್ಷಗಟ್ಟಲೆ ಬಾರಿಸಿದರು, ಅದೇ ಚರ್ಚ್ ಹಾಲಿನಲ್ಲಿ, ಇಂದಿರಾನಗರದ ಒಂದು ನೆಲಮಾಳಿಗೆಯಲ್ಲಿ, ಒಮ್ಮೆ ಶಿವಾಜಿನಗರದ ಶಾಲೆಯೊಂದರ ಅಂಗಳದಲ್ಲಿ. ಸಾಧ್ಯವಾದಾಗಲೆಲ್ಲ ಹೋದೆ. ಊರಿನಿಂದ ಅಣ್ಣ ಫೋನಿನಲ್ಲಿ ರೇಗುತ್ತಿದ್ದ: "ಆ ಇಂಗ್ಲಿಷ್ ಗದ್ಲದಾಗ ನಿನಗೇನ್ ತಿಳೀತದ?"

"ಮಾತು ಒಂದೂ ತಿಳೀವಲ್ದು" ಅನ್ನುತ್ತಿದ್ದೆ. "ಆದ್ರೂ ಹೋಗಾಕಿ ನಾ."