ಚಳಿಗೆ ಮಲಗಿಸಿದ ಕಾರಿಗೆ ಹಳದಿ ಚೀಟಿ

ಬೆಳಗಿನ ಒಂಬತ್ತಕ್ಕೆ ಇನ್ನೂ ಐದು ನಿಮಿಷವಿದೆ. ಭೂಗೋಳದ ದಕ್ಷಿಣ ತುದಿಯ ಮಿನಾ ಬಾಹಾ ಊರಿನಲ್ಲಿ ಜುಲೈ ಎಂದರೆ ನಡು ಚಳಿಗಾಲ, ನಸುಕು ಹರಿಯುವ ಹೊತ್ತೇ ಇದು. ಕಲ್ಲಿದ್ದಲ ಗಣಿಯ ಸಾಲುಮನೆಗಳ ಮುಂದೆ ಅರವತ್ತಮೂರರ ನೆಲಿದಾ ಓಯರ್ಸೂನ್ ಮೊಣಕಾಲೂರಿ ಕೂತಿದ್ದಾರೆ. ಕೈಗವಸು ಕಂಕುಳಲ್ಲಿದೆ. ಹಿಮದಡಿ ಹೂತುಹೋಗಿದ್ದ ಚರ್ಮದ ಪಟ್ಟಿಯೊಂದನ್ನು ತಡಕಿ ಎಳೆದು, ಬಕಲ್ಲಿನ ಮೇಲೆ ಬಿಸಿಯುಸಿರು ಊದಿ, ಒಂದು ತೂತು ಬಿಗಿ ಮಾಡುತ್ತಾರೆ. ರಾತ್ರಿ ಬೀಸಿದ ಗಾಳಿಗೆ ಅದು ಸಡಿಲವಾಗಿತ್ತು.

ಪಟ್ಟಿ ಕುದುರೆಯ ಹೊಟ್ಟೆಗೆ ಬಿಗಿಯುವಂಥದ್ದೇ. ಇಲ್ಲಿ ಬಿಗಿದಿರುವುದು ಮಾತ್ರ 1963ರ ಫಾಲ್ಕನ್ ಕಾರಿಗೆ. ಕಾರಿನ ಮೇಲೆ ಉಣ್ಣೆ ಮೂಟೆ ಕಟ್ಟುವ ದಪ್ಪ ಬಟ್ಟೆಯ ಹೊದಿಕೆ, ಒಳಗೆ ಹಳೆಯ ಫ್ಲಾನೆಲ್ ಹಾಸಿಗೆ ಹೊದಿಕೆಗಳ ಅಸ್ತರು. ಐದು ಪಟ್ಟಿಗಳು ಕಾರಿನ ಹೊಟ್ಟೆಯಡಿ ಹಾದು ಆ ಕಡೆಯಿಂದ ಈ ಕಡೆಗೆ ಬರುತ್ತವೆ. ನೆಲಿದಾ ಎದ್ದು, ಕುರಿದುಪ್ಪಟ ಸುತ್ತಿದ ಪೊರಕೆಯಿಂದ ಮೇಲಿನ ಹಿಮವನ್ನು ಮೆಲ್ಲಗೆ ಗುಡಿಸುತ್ತಾರೆ. ಬೇಕರಿಯ ಗೋಡೆಗೆ ತೂಗುಹಾಕಿದ ತಾಪಮಾಪಕ ಸೊನ್ನೆಗಿಂತ ಹದಿಮೂರು ಕೆಳಗೆ ತೋರಿಸುತ್ತಿದೆ.

"ಹಿಮದ ಭಾರಕ್ಕೆ ನಾನು ಹೆದರಲ್ಲ" ಎನ್ನುತ್ತಾರೆ ಅವರು. "ಮಧ್ಯಾಹ್ನ ಒಂದಿಷ್ಟು ಕರಗಿ ಸಂಜೆ ಮತ್ತೆ ಕಲ್ಲಾಗುತ್ತಲ್ಲ, ಅದಕ್ಕೆ ಹೆದರ್ತೀನಿ. ಬಟ್ಟೆ ಬಣ್ಣಕ್ಕೆ ಅಂಟ್ಕೊಂಡ್ರೆ ಮುಗೀತು, ಚರ್ಮ ಸುಲಿದ ಹಾಗೆ ಕಿತ್ತು ಬರುತ್ತೆ."

ಇಂಥ ಇಪ್ಪತ್ತೇಳು ಕಾರುಗಳು ನೆಲಿದಾ ಅವರ ಸುಪರ್ದಿನಲ್ಲಿವೆ. ಎಲ್ಲವೂ ನಲವತ್ತು ವರ್ಷ ದಾಟಿದವು. ಒಂದಕ್ಕೂ ಶೆಡ್ ಇಲ್ಲ. ಸಾಲುಮನೆ ಕಟ್ಟಿದ ಕಾಲದಲ್ಲಿ ಗಣಿಯವನೂ ಒಂದು ದಿನ ಕಾರು ಇಟ್ಟುಕೊಂಡಾನು ಎಂದು ಯಾರಿಗೂ ಹೊಳೆದಿರಲಿಲ್ಲವೇನೋ! ಚಳಿಗಾಲದಲ್ಲಿ ಈ ಕಾರುಗಳನ್ನು ರಸ್ತೆಗಿಳಿಸುವಂತೆಯೂ ಇಲ್ಲ. ಮಂಜುಗಡ್ಡೆ ಕರಗಲೆಂದು ರಸ್ತೆಯುದ್ದಕ್ಕೂ ಉಪ್ಪು ಸುರಿಯುತ್ತಾರೆ, ಆ ಉಪ್ಪು ಮೂರೇ ಚಳಿಗಾಲದಲ್ಲಿ ಕಾರಿನ ತಳವನ್ನು ತಿಂದು ಹಾಕುತ್ತದೆ. ಹಾಗಾಗಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕಾರು ಮನೆ ಮುಂದೆ ಬಯಲಲ್ಲೇ ಮಲಗಬೇಕು. ಮಲಗಿಸುವವರು ನೆಲಿದಾ. ದಿನಕ್ಕೆ ಆರು ಕಿಲೋಮೀಟರ್ ನಡೆದು, ನೂರ ಮೂವತ್ತೈದು ಪಟ್ಟಿಗಳನ್ನು ಮುಟ್ಟಿ ನೋಡಿ, ಅಲ್ಲೇ ಕೊಟ್ಟ ಮಾಂಸದ ಸಾರನ್ನೋ ಕರಿದ ರೊಟ್ಟಿಯನ್ನೋ ತಿಂದು ಮನೆ ಸೇರುತ್ತಾರೆ. ಇಪ್ಪತ್ತೆರಡು ಚಳಿಗಾಲಗಳಿಂದ ಇದೇ ಕೆಲಸ. ಊರಿನ ಯಾವ ಸಮಾರಂಭದಲ್ಲೂ ಅವರ ಹೆಸರು ಕೇಳಿದವರಿಲ್ಲ.

ಅಪ್ಪ ಕುರಿಸಾಕಣೆಯ ಬಂಗಲೆಯೊಂದರಲ್ಲಿ ಜೀನು ಹೊಲಿಯುತ್ತಿದ್ದವರು. ಹತ್ತನೇ ವಯಸ್ಸಿಗೇ ನೆಲಿದಾ ಕೈಗೆ ದಬ್ಬಳ ಬಂತು. ಮದುವೆಯಾಗಿ ಗಣಿಯೂರಿಗೆ ಬಂದಮೇಲೆ ಕುದುರೆಯೂ ಇಲ್ಲ, ಜೀನೂ ಇಲ್ಲ. ಇಲ್ಲಿನವರು ಕಾರಿಗೆ ಪ್ಲಾಸ್ಟಿಕ್ ಸುತ್ತಿ ಹಗ್ಗ ಬಿಗಿಯುವುದನ್ನು ಕಂಡು ಅವರ ಜೀವ ಚುರ್ರೆಂದಿತು. ಪ್ಲಾಸ್ಟಿಕ್ಕಿನಡಿ ಕಾರು ಬೆವರುತ್ತದೆ, ವಸಂತಕ್ಕೆ ತೆಗೆದು ನೋಡಿದರೆ ಸೀಟೆಲ್ಲ ಹಸಿರು ಬೂಷ್ಟು. ಹಗ್ಗ ಸಡಿಲಾದರಂತೂ ಹೊದಿಕೆ ಗಾಳಿಗೆ ಪಟಪಟ ಬಡಿದು, ನಡುವೆ ಸಿಕ್ಕ ಮರಳು ಉಪ್ಪುಕಾಗದದ ಹಾಗೆ ಬಣ್ಣ ಉಜ್ಜುತ್ತದೆ. ಆಗಲೇ ಅವರಿಗೆ ಅಪ್ಪನ ಹೊಟ್ಟೆಪಟ್ಟಿ ನೆನಪಾದದ್ದು.

ಏಪ್ರಿಲ್ ಬಂತೆಂದರೆ ಒಂದೊಂದು ಕಾರಿಗೂ ಒಂದೊಂದು ದಿನದ ಕೆಲಸ. ತೊಳೆದು, ಒಣಗಿಸಿ, ಮೇಣ ತಿಕ್ಕಬೇಕು. ಹಳೆಯ ಎಣ್ಣೆ ಬಸಿದು ಹೊಸದು ತುಂಬಬೇಕು. ಪೆಟ್ರೋಲ್ ಟ್ಯಾಂಕು ಕಂಠಮಟ್ಟ ತುಂಬಿರಬೇಕು, ಖಾಲಿ ಜಾಗವಿದ್ದರೆ ಅಲ್ಲಿ ನೀರು ಕೂರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಡುವಂತಿಲ್ಲ. ಇಲಿ ಹೋಗದಂತೆ ಹೊಗೆಕೊಳವೆಗೆ ಒರಟು ಉಣ್ಣೆ ತುರುಕಬೇಕು. ನೆಲಕ್ಕೆ ಜಲ್ಲಿ, ಜಲ್ಲಿಯ ಮೇಲೆ ಟಾರು ಹಾಳೆ. ಕೊನೆಗೆ ಕಾರನ್ನು ಜಾಕ್‌ನಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಚಕ್ರ ಬಿಚ್ಚಿ ಮನೆಯೊಳಗಿಡಬೇಕು, ಇಲ್ಲದಿದ್ದರೆ ಐದು ತಿಂಗಳು ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ. ಬ್ಯಾಟರಿಯೂ ಒಳಗೆ. ನೆಲಿದಾ ಅವರ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಹಲಗೆಯ ಮೇಲೆ ಹತ್ತೊಂಬತ್ತು ಬ್ಯಾಟರಿಗಳು ಸಾಲಾಗಿ ಕೂತಿವೆ. ಉಳಿದವು ಅವರವರ ಮನೆಯಲ್ಲಿ.

"ಕೆಲವರಿಗೆ ಪ್ರೀತಿ ಜಾಸ್ತಿ" ಎಂದು ನಗುತ್ತಾರೆ, ಊರವರ ಬಾಯಲ್ಲಿ ದೊನ್ಯಾ, ಅಂದರೆ ಅಮ್ಮನವರು, ಎನಿಸಿಕೊಂಡ ನೆಲಿದಾ. "ಭಾನುವಾರ ಬಂತು ಅಂದ್ರೆ ಸಾಕು, ಐದು ನಿಮಿಷ ಎಂಜಿನ್ ಹಚ್ಚಿ ಆರಿಸ್ತಾರೆ. ಯಾಕ್ರೀ ಅಂದ್ರೆ, ಅದಕ್ಕೆ ಬೇಜಾರಾಗ್ಬಾರ್ದು ದೊನ್ಯಾ ಅಂತಾರೆ! ಐದು ನಿಮಿಷದಲ್ಲಿ ಎಂಜಿನ್ ಬಿಸಿ ಆಗಲ್ಲ, ಕೊಳವೆ ತುಂಬ ನೀರಾಗುತ್ತೆ. ನಿದ್ದೆ ಮಾಡೋರನ್ನ ಎಬ್ಬಿಸಿ ತಣ್ಣೀರು ಕುಡಿಸಿದ ಹಾಗೆ."

ಇಷ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕಾರುಗಳಿಗೆ ಊರ ಪುರಸಭೆ ಇಟ್ಟಿರುವ ಹೆಸರೇನು ಗೊತ್ತೇ? ಗುಜರಿ!

ಎರಡು ವರ್ಷದ ಹಿಂದೆ ಬೀದಿ ಸೌಂದರ್ಯ ನಿಯಮ ಜಾರಿಗೆ ಬಂತು. ಅನಾಥ ವಾಹನವನ್ನು ಗುರುತಿಸಲು ಅದರಲ್ಲಿ ಲಕ್ಷಣಗಳನ್ನು ಕೊಟ್ಟಿದ್ದಾರೆ. ಮೂವತ್ತು ದಿನ ಕದಲಿರಬಾರದು, ಚಕ್ರ ಇರಬಾರದು, ಬ್ಯಾಟರಿ ಇರಬಾರದು, ಚಿಂದಿಬಟ್ಟೆ ಮುಚ್ಚಿರಬೇಕು. ಈ ನಾಲ್ಕರಲ್ಲಿ ಮೂರು ಕಂಡರೆ ಹಳದಿ ಚೀಟಿ. ಹತ್ತು ದಿನ ಬಿಟ್ಟು ಟ್ರಕ್ ಬರುತ್ತದೆ, ಕಾರನ್ನು ಎತ್ತಿಕೊಂಡು ಹೋಗಿ ಯಂತ್ರಕ್ಕೆ ಹಾಕಿ ಹಿಂಡುತ್ತದೆ. ಮನೆ ಮುಂದೆ ಇದೆಯಲ್ಲಾ ಎಂದರೆ, ಸಾಲುಮನೆಗಳ ಮುಂದಿನ ಜಾಗ ಕಾಗದದಲ್ಲಿ ಪುರಸಭೆಯದ್ದಂತೆ. ನೆಲಿದಾ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೋ, ಕಾರು ಈ ಲಕ್ಷಣಗಳಿಗೆ ಅಷ್ಟು ಚೆನ್ನಾಗಿ ಹೊಂದುತ್ತದೆ. ಪ್ಲಾಸ್ಟಿಕ್ ಸುತ್ತಿ, ಚಕ್ರದ ಮೇಲೇ ನಿಲ್ಲಿಸಿ, ಒಳಗೊಳಗೇ ಕೊಳೆಯಲು ಬಿಟ್ಟ ಕಾರಿಗೆ ಚೀಟಿಯಿಲ್ಲ. ಪುರಸಭೆಯ ಹಿತ್ತಲಲ್ಲಿ ಹಿಮ ತಳ್ಳುವ ಯಂತ್ರವೊಂದು ಆರು ವರ್ಷದಿಂದ ಚಕ್ರವಿಲ್ಲದೆ ಕೂತಿದೆ. ಅದಕ್ಕೂ ಚೀಟಿಯಿಲ್ಲ. ಸೌಂದರ್ಯವೆಂದರೆ ಏನೆಂದು ಈ ಮಹನೀಯರಿಗೆ ಯಾರು ಹೇಳಿಕೊಟ್ಟರೋ!

ಕಳೆದ ವರ್ಷ ಹಿಂಡಿದ್ದು ಎದೆಲ್ಮೀರೊ ಕಾರ್ಕಮೊ ಅವರ 1970ರ ಟೊರಿನೊ ಕಾರನ್ನು. ಎದೆಲ್ಮೀರೊ ಗಣಿಯಲ್ಲಿ ವೆಲ್ಡರ್, ಆಗ ಶ್ವಾಸಕೋಶದ ಚಿಕಿತ್ಸೆಗೆ ಮೂರು ವಾರ ದೂರದ ನಗರದಲ್ಲಿದ್ದರು. ಚೀಟಿಯನ್ನು ಹೊದಿಕೆಯ ಒಳಗೆ, ಗಾಜಿಗೆ ಅಂಟಿಸಿದ್ದರಿಂದ ನೆಲಿದಾ ಕಣ್ಣಿಗೂ ಬೀಳಲಿಲ್ಲ. ಒಂದು ಬೆಳಿಗ್ಗೆ ಪೊರಕೆ ಹಿಡಿದು ಹೋದರೆ ನಾಲ್ಕು ದಿಮ್ಮಿಗಳು ಮಾತ್ರ ಇದ್ದವು.

"ಆಸ್ಪತ್ರೆಯಿಂದ ಬಂದವನಿಗೆ ಹೇಳಿದ್ದು ನಾನೇ" ಎನ್ನುವಾಗ ನೆಲಿದಾ ಅವರ ದನಿ ಗಡುಸಾಗುತ್ತದೆ. "ಬಯ್ಯಲಿಲ್ಲ. ಚಕ್ರ ಬಿಚ್ಚದೆ ಹೋಗಿದ್ರೆ ಉಳೀತಿತ್ತಾ ದೊನ್ಯಾ, ಅಂತ ಒಂದೇ ಮಾತು ಕೇಳಿದ. ಹೌದಪ್ಪಾ, ಉಳೀತಿತ್ತು ಅಂದೆ. ಸುಳ್ಳು ಹೇಳೋಕಾಗುತ್ತಾ? ಅವನ ಬ್ಯಾಟರಿ ಇನ್ನೂ ನನ್ನ ಒಲೆ ಪಕ್ಕಾನೇ ಇದೆ."

ಈ ವರ್ಷ ಏಳು ಕಾರುಗಳಿಗೆ ಚೀಟಿ ಬಿದ್ದಿದೆ. ಮೊದಲನೆಯದು ಬೇಕರಿಯ ಓಲ್ಗಾ ಬಾಮೊಂದೆ ಅವರ 1966ರ ರ‍್ಯಾಂಬ್ಲರ್. ಉದ್ದ ಬೆನ್ನಿನ ಈ ಕಾರಿನಲ್ಲಿ ಓಲ್ಗಾ ಮೂವತ್ತು ವರ್ಷ ಗಣಿಬಾಗಿಲಿಗೆ ರೊಟ್ಟಿ ಹೊತ್ತಿದ್ದಾರೆ. ಚೀಟಿ ಹಚ್ಚಲು ಹೊದಿಕೆ ಎತ್ತಿದವರು ಪಟ್ಟಿಯನ್ನು ಮತ್ತೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಆ ರಾತ್ರಿಯ ಗಾಳಿಗೆ ಎಡಗಡೆಯ ಮಡ್‌ಗಾರ್ಡಿನ ಬಣ್ಣ ಅಂಗೈಯಗಲ ಹೋಯಿತು. ಇಪ್ಪತ್ತೆರಡು ಚಳಿಗಾಲ ಕಾಯ್ದ ಬಣ್ಣ ಒಂದು ರಾತ್ರಿಗೆ ಹೋಯಿತೆಂದರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಇವತ್ತು ಗುರುವಾರ, ಹತ್ತನೆಯ ದಿನ. ನೆಲಿದಾ ಫಾಲ್ಕನ್ ಮುಗಿಸಿ ಬೇಕರಿಯ ಕಡೆ ಹೊರಡುವಷ್ಟರಲ್ಲಿ ಟ್ರಕ್ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಳಿದವರು ಬೀದಿ ಸೌಂದರ್ಯ ವಿಭಾಗದ ಇನ್ಸ್‌ಪೆಕ್ಟರ್ ದಮಿಯಾನ್ ಲೊಪ್ರೆಸ್ತಿ. ಬಿಸಿಲಿನ ಉತ್ತರದಿಂದ ವರ್ಗವಾಗಿ ಬಂದವರು, ಇದು ಅವರ ಮೂರನೆಯ ಚಳಿಗಾಲ. ಓಲ್ಗಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದಾರೆ.

"ಬನ್ನಿ ಸಾಹೇಬ್ರೇ, ಹೆಣ ಎತ್ತೋಕೆ ಬಂದ್ರಾ?"

"ದೊನ್ಯಾ ಓಲ್ಗಾ, ನನ್ನ ಮೇಲೆ ಯಾಕೆ ರೇಗ್ತೀರಿ? ನಿಯಮ ನಾನು ಬರ್ದಿದ್ದಲ್ಲ."

"ಗೋಂದು ಹಚ್ಚಿದ ಕೈ ನಿಮ್ಮದೇ ತಾನೆ?"

ನೆಲಿದಾ ನಡುವೆ ಬರುತ್ತಾರೆ. ಗಲಾಟೆ ಮಾಡುವ ಜಾಯಮಾನ ಅವರದಲ್ಲ. "ಇದು ಸತ್ತ ಗಾಡಿ ಅಂತ ತಾನೆ ನಿಮ್ಮ ಕಾಗದ ಹೇಳೋದು? ಬದುಕಿದೆ ಅಂತ ತೋರಿಸಿದ್ರೆ?"

ದಮಿಯಾನ್ ಕಾಗದ ತಿರುವಿ ಹಾಕುತ್ತಾರೆ. "ಸ್ವಂತ ಬಲದಿಂದ ಕದಲಿದ್ರೆ ಬಿಡಬಹುದು ಅಂತಿದೆ. ಆದ್ರೆ ಚಕ್ರಾನೇ ಇಲ್ವಲ್ಲ ದೊನ್ಯಾ."

"ನಲವತ್ತು ನಿಮಿಷ ಕೊಡಿ."

ಆ ನಲವತ್ತು ನಿಮಿಷ ನೋಡಬೇಕು. ಓಲ್ಗಾ ಒಂದೊಂದೇ ಚಕ್ರ ಉರುಳಿಸಿಕೊಂಡು ಬರುತ್ತಾರೆ, ನೆಲಿದಾ ಹಿಮದಲ್ಲಿ ಅಂಗಾತ ಮಲಗಿ ಜಾಕ್ ತಿರುಗಿಸುತ್ತಾರೆ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುವ ಚಳಿ. ಬ್ಯಾಟರಿಯನ್ನು ಮಗುವಿನಂತೆ ಶಾಲಿನಲ್ಲಿ ಸುತ್ತಿ ಒಲೆಯ ಬದಿಯಿಂದ ತರುತ್ತಾರೆ, ಅದರ ಮೈ ಇನ್ನೂ ಬೆಚ್ಚಗಿದೆ. ಕೊಳವೆಯ ಉಣ್ಣೆ ಎಳೆದು ಹಾಕುತ್ತಾರೆ. ಪೆಟ್ರೋಲ್ ಪಂಪಿನ ಪುಟ್ಟ ಹಿಡಿಯನ್ನು ಬೆರಳಿನಿಂದ ಇಪ್ಪತ್ತು ಸಲ ಒತ್ತುತ್ತಾರೆ. ಅಕ್ಕಪಕ್ಕದ ಮನೆಯವರು ಕಂಬಳಿ ಹೊದ್ದು ಹೊರಗೆ ಬಂದು ನಿಂತಿದ್ದಾರೆ. ಎದೆಲ್ಮೀರೊ ಕೂಡ ಬಂದಿದ್ದಾರೆ, ಕೆಮ್ಮುತ್ತ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದಾರೆ.

ಅಷ್ಟು ಹೊತ್ತೂ ಪುರಸಭೆಯ ಟ್ರಕ್ ಹೊಗೆ ಉಗುಳುತ್ತ ಗುರುಗುಡುತ್ತಲೇ ನಿಂತಿದೆ. ಕೊನೆಗೆ ನೆಲಿದಾ ಕಾರಿನಡಿಯಿಂದಲೇ ಕೂಗುತ್ತಾರೆ. "ಲಿಸಾರ್ದೊ, ಆ ಗಲಾಟೆ ನಿಲ್ಸಪ್ಪಾ. ಎಂಜಿನ್ ಆರಿಸು."

ಚಾಲಕ ಲಿಸಾರ್ದೊ ಕಿಟಕಿಯಿಂದ ತಲೆ ಹಾಕಿ, ಇನ್ಸ್‌ಪೆಕ್ಟರನ್ನು ಓರೆಗಣ್ಣಲ್ಲಿ ನೋಡಿ ಹೇಳುತ್ತಾನೆ. "ಆರಿಸಿದ್ರೆ ಮತ್ತೆ ಹಚ್ಕೊಳ್ಳಲ್ಲ ದೊನ್ಯಾ. ಬೆಳಿಗ್ಗೆ ಇದನ್ನ ಎಬ್ಬಿಸೋಕೇ ಒಂದೂವರೆ ಗಂಟೆ ಆಯ್ತು."

"ಎಷ್ಟು ವರ್ಷದ ಗಾಡಿ?" ಓಲ್ಗಾ ಬಿಡುವವರಲ್ಲ.

"ನಾಲ್ಕು."

ಬೀದಿಯೆಲ್ಲ ಗೊಳ್ಳೆಂದು ನಗುತ್ತದೆ. ದಮಿಯಾನ್ ಮಾತ್ರ ಬೂಟಿನ ತುದಿ ನೋಡುತ್ತಿದ್ದಾರೆ.

ಓಲ್ಗಾ ಸೀಟಿನಲ್ಲಿ ಕೂತು ಕೀಲಿ ತಿರುಗಿಸುತ್ತಾರೆ. ಮೊದಲ ಸಲ ಕೊರ್‌ರ್ ಎಂದು ಸುಮ್ಮನಾಗುತ್ತದೆ. ನೆಲಿದಾ ಕಣ್ಣು ಮುಚ್ಚಿದ್ದಾರೆ. ಎರಡನೆಯ ಸಲಕ್ಕೆ ಐವತ್ತೆಂಟು ವರ್ಷದ ಎಂಜಿನ್ ಹೊತ್ತಿಕೊಂಡು, ಒಂದೆರಡು ಬಾರಿ ತಡವರಿಸಿ, ಹದಕ್ಕೆ ಬಂದು ನಿಲ್ಲುತ್ತದೆ. ಕಾರು ಜಲ್ಲಿಯ ಮೇಲೆ ತನ್ನ ಉದ್ದದಷ್ಟು ಮುಂದೆ ಹೋಗಿ, ಅಷ್ಟೇ ಹಿಂದೆ ಬರುತ್ತದೆ. ಉಪ್ಪಿನ ರಸ್ತೆಗೆ ಒಂದು ಬೆರಳೂ ಇಳಿಯಲು ನೆಲಿದಾ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡನೆಯ ಕಾರೂ ಹೀಗೇ ಎದ್ದು ನಿಲ್ಲುತ್ತದೆ. ಮೂರನೆಯದರ ಬಳಿ ಬರುವಾಗ ದಮಿಯಾನ್ ಅವರ ತುಟಿ ನೀಲಿಗಟ್ಟಿದೆ. "ಸಾಕು ದೊನ್ಯಾ, ನಂಬ್ತೀನಿ. ಏಳಕ್ಕೂ ಬದುಕಿದೆ ಅಂತಾನೇ ಬರೀತೀನಿ. ಆದ್ರೆ ಮೂವತ್ತು ದಿನಕ್ಕೊಮ್ಮೆ ಹೀಗೇ ತೋರಿಸ್ಬೇಕಾಗುತ್ತೆ. ಚಕ್ರ ಹಾಕೇ ಇಟ್ಬಿಡಿ, ನಿಮಗೂ ಸುಲಭ."

ಎಂಥ ಉದಾರತೆ! ಮೂವತ್ತು ದಿನಕ್ಕೊಮ್ಮೆ ಎಬ್ಬಿಸಿದರೆ ಕೊಳವೆಯಲ್ಲಿ ನೀರು, ಚಕ್ರದ ಮೇಲೇ ನಿಲ್ಲಿಸಿದರೆ ಟೈರು ಹಾಳು, ಬ್ಯಾಟರಿ ಹೊರಗಿಟ್ಟರೆ ಒಡೆದು ಹೋಗುತ್ತದೆ. ಕಾರನ್ನು ಉಳಿಸಬೇಕಾದರೆ ಕಾರನ್ನು ಕೆಡಿಸಿ ಎಂದು ಹೇಳುವುದಕ್ಕೆ ಒಂದು ಕಚೇರಿ, ಒಂದು ಟ್ರಕ್, ಒಂದು ಮೊಹರು ಬೇಕಾಯಿತು. ನಿಯಮ ಬರೆದವರು ಒಂದೇ ಒಂದು ದಿನ ಈ ಹೆಂಗಸಿನ ಹಿಂದೆ ಆರು ಕಿಲೋಮೀಟರ್ ನಡೆದಿದ್ದರೆ ಈ ಕಾಗದ ಹುಟ್ಟುತ್ತಿತ್ತೇ?

ನೆಲಿದಾ ಬೇಕರಿಯ ಮುಂದಕ್ಕೆ ಮರಳುತ್ತಾರೆ. ಮೊದಲೇ ಹೇಳಿ ಓಲ್ಗಾ ಅವರಿಂದ ಎಂಜಿನನ್ನು ಮುಕ್ಕಾಲು ಗಂಟೆ ಓಡಿಸಿದ್ದಾರೆ, ಕೊಳವೆ ಪೂರ್ತಿ ಬಿಸಿಯಾಗಿ ಒಣಗಲಿ ಎಂದು. ಈಗ ಜಾಕ್ ಹಚ್ಚಿ, ಬೆಳಿಗ್ಗೆಯಷ್ಟೇ ಹಾಕಿದ ಚಕ್ರಗಳನ್ನು ಮತ್ತೆ ಬಿಚ್ಚತೊಡಗುತ್ತಾರೆ. ಇನ್ನು ಎರಡು ಗಂಟೆಗೆ ಕತ್ತಲೆ, ಎರಡನೆಯ ಕಾರೂ ಕಾಯುತ್ತಿದೆ. ದಮಿಯಾನ್ ಕೈಕಟ್ಟಿ ನಿಂತು ನೋಡುತ್ತಾರೆ.

"ಮತ್ತೆ ಬಿಚ್ತಾ ಇದ್ದೀರಲ್ಲ ದೊನ್ಯಾ! ಮುಂದಿನ ತಿಂಗಳು ನಾನೇ ಬರ್ಬೇಕಾಗುತ್ತೆ."

"ಬನ್ನಿ. ಕೆಲಸ ಕೆಡಿಸೋದು ನಂಗೆ ಬರಲ್ಲ."

"ಹಾಗಾದ್ರೆ ನಾನೇನು ಮಾಡ್ಬೇಕು, ನೀವೇ ಹೇಳಿ. ಏನು ಬದಲಾಯಿಸ್ಬೇಕು ಅಂತ ಮೇಲಕ್ಕೆ ಬರೀತೀನಿ. ಶೆಡ್ ಕಟ್ಟಿಸಿಕೊಡಿ ಅಂತ ಬರೀಲಾ?"

ನೆಲಿದಾ ಕೊನೆಯ ಚಕ್ರವನ್ನು ಎದೆಲ್ಮೀರೊ ಕೈಗೆ ಉರುಳಿಸಿ, ಸೊಂಟ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ಎದೆಲ್ಮೀರೊ ಚಕ್ರವನ್ನು ಒಳಗೆ ಒಯ್ದ ಮೇಲೆ ಬಾಯಿ ಬಿಡುತ್ತಾರೆ.

"ಶೆಡ್ಡೂ ಬೇಡ, ಏನೂ ಬೇಡ ತಮ್ಮಾ. ಒಂದು ಸಾಲು ಸೇರಿಸೋಕೆ ಹೇಳು. ಚೀಟಿ ಹಚ್ಚೋಕೆ ಮುಂಚೆ ಬಾಗಿಲು ತಟ್ಟಬೇಕು ಅಂತ. ಆ ಮನೇಲಿ ಯಾರೂ ಇಲ್ಲ ಅಂದ್ರೆ ನಮ್ಮನೆ ಬಾಗಿಲು ತಟ್ಟು. ಯಾರ ಗಾಡಿ, ಯಾವಾಗ ಏಳುತ್ತೆ, ಎಲ್ಲಾ ನಂಗೊತ್ತು."