ಆಯಿಯ ತೊಡೆದೇವಿನ ಕೈ

ಸಿರ್ಸಿ ಕಡೆಯವರಿಗೆ ತೊಡೆದೇವು ಅಂದರೆ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಬೋರಲು ಹಾಕಿದ ಗಡಿಗೆಯ ಕೆಳಗೆ ಬೆಂಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳಗಿನ ಅಕ್ಕಿಹಿಟ್ಟು, ಕೋಲಿಗೆ ಸುತ್ತಿದ ಬಟ್ಟೆ. ಬಟ್ಟೆ ಅದ್ದಿ ಗಡಿಗೆಯ ಮೇಲೆ ಒಂದೇ ಬೀಸಿಗೆ ತೊಡೆಯಬೇಕು. ಕಾಗದದಂಥ ಹಾಳೆ ಎದ್ದ ಕೂಡಲೇ, ಗರಿಗರಿಯಾಗುವ ಮೊದಲು, ಮಡಚಬೇಕು. ನಮ್ಮ ಆಯಿ, ಅಂದರೆ ನನ್ನ ತಾಯಿ, ಇದರಲ್ಲಿ ಎತ್ತಿದ ಕೈ. ಗಡಿಗೆಯ ಹತ್ತಿರ ಹೋದರೆ "ನೀ ಮುಟ್ಟಡ!" ಎಂದು ಗದರುತ್ತಿದ್ದಳು.

ಒಂದು ವರ್ಷ ಅವಳ ಬಲತೋಳೇ ಹಿಡಿದುಕೊಂಡಿತು. ಯಲ್ಲಾಪುರದ ನಮ್ಮ ಕೇರಿಯ ಹೆಂಗಸರೆಲ್ಲ ಡಾಕ್ಟರರಾದರು. ತೊಡೆದೂ ತೊಡೆದೂ ತೋಳು ಸವೆದಿದೆ, ಅಲುಗಾಡಿಸಲೇಬಾರದು ಎಂದರು. ಎಣ್ಣೆ ತಿಕ್ಕಿ, ಹಳೇ ಪಂಚೆಯಲ್ಲಿ ಕೈಯನ್ನು ಕುತ್ತಿಗೆಗೆ ಕಟ್ಟಿ ಕೂರಿಸಿದೆವು. ಗಡಿಗೆ ಅಟ್ಟ ಸೇರಿತು. ಕಟ್ಟಿಟ್ಟ ಕೈ ಕಟ್ಟಿಟ್ಟಲ್ಲೇ ಗಟ್ಟಿಯಾಯಿತು, ತುರುಬು ಕಟ್ಟಲೂ ಮೇಲೇಳದು. ನಾನು ತಲೆ ಬಾಚುವಾಗ "ಇನ್ನು ಯನ್ನ ತೊಡೆದೇವು ಮುಗದೋತು" ಎಂದು ಅತ್ತಳು. ಬೈಯುವ ಆಯಿಯನ್ನು ಸಹಿಸಬಹುದು, ಅಳುವ ಆಯಿಯನ್ನು ಹೇಗಪ್ಪಾ ಸಹಿಸುವುದು!

ಸಿರ್ಸಿಯ ಡಾಕ್ಟರು ಎರಡೂ ಅಂಗೈ ಜೋಡಿಸಿ ತೋರಿಸಿ ಎಂದರು. "ನಮಸ್ಕಾರ ಮಾಡಿಸ್ಕಂಡೇ ಮದ್ದು ಕೊಡ್ತ ಮಾರಾಯ್ತಿ ಇಂವ" ಎಂದು ನನ್ನ ಕಿವಿಯಲ್ಲಿ ಗೊಣಗಿ, ಜೋಡಿಸಿದಳು. ಎಷ್ಟು ಒತ್ತಿದರೂ ಎರಡು ಕೈಗಳ ಬೆರಳುಗಳ ನಡುವೆ ಸಂದು ಉಳಿಯಿತು. ಇದು ಆಯಿಯ ಹಳೇ ಸಕ್ಕರೆ ಕಾಯಿಲೆಯದೇ ಕೆಲಸ, ಭುಜ ಹಿಡಿಯುತ್ತದೆ, ಬೆರಳು ಪೆಡಸಾಗುತ್ತದೆ, ಕಟ್ಟಿ ಕೂರಿಸಿದರೆ ಇನ್ನೂ ಹೆಚ್ಚುತ್ತದೆ ಎಂದರು ಡಾಕ್ಟರು. ಸಕ್ಕರೆ ಹತೋಟಿಗೆ ತಂದು, ನಿಧಾನವಾಗಿ ಕೈ ಆಡಿಸಬೇಕಂತೆ. ಕಣ್ಣಿಗೆ, ಕಾಲಿಗೆ ಬರುವುದು ಕೇಳಿದ್ದೆವು. ತೋಳಿಗೂ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಬೆರಳಿನಿಂದ ಗೋಡೆ ಹತ್ತುವ ವ್ಯಾಯಾಮ ಹೇಳಿಕೊಟ್ಟಿದ್ದರು. "ಗೋಡೆ ಹತ್ತಲೆ ಆನು ಎಂತ ಹಲ್ಲಿಯನೇ?" ಎಂದು ಆಯಿ ಮುಖ ತಿರುಗಿಸಿದಳು. ನನಗೂ ಹಟ. ಗಡಿಗೆಯನ್ನು ಅಟ್ಟದಿಂದ ಇಳಿಸಿ, ಬೆಂಕಿಯಿಲ್ಲದ ಒಲೆಯ ಮೇಲೆ ಬೋರಲಿಟ್ಟು, ಒಣಬಟ್ಟೆ ಸುತ್ತಿದ ಕೋಲು ಕೈಗೆ ಕೊಟ್ಟೆ. ಮೊದಲು ಬೈದಳು. ಆಮೇಲೆ ತೊಡೆದಳು, ಹಿಟ್ಟಿಲ್ಲದೆ. ಅಂದಿನಿಂದ ದಿನಾ ಬೆಳಿಗ್ಗೆ ಮಾತ್ರೆ ನುಂಗಿ ಅದೇ ಕೆಲಸ. ಗೇಣಗಲ ಆಡುತ್ತಿದ್ದ ಕೈ ತಿಂಗಳುಗಟ್ಟಲೆ ಅಷ್ಟಷ್ಟೇ ಮುಂದೆ ಹೋಯಿತು. ಹೊರಗೆ ಹೆದ್ದಾರಿಯ ಲಾರಿ, ಒಳಗೆ ಆ ಒಣಬಟ್ಟೆಯ ಸರ್ ಸರ್ ಸದ್ದು. ಈಗಲೂ ಕಿವಿಯಲ್ಲಿದೆ.

ಮುಂದಿನ ಆಲೆಮನೆ ಹೊತ್ತಿಗೆ ಹೆಗ್ಗರಣೆಯ ನೆಂಟರು ಕಬ್ಬಿನ ಹಾಲು ಕಳಿಸಿದರು. ಬೆಂಕಿ ಹಾಕಿದೆವು. ಆಯಿಯ ಕೈ ಗಡಿಗೆಯನ್ನು ಬಳಸಿ ಪೂರ್ತಿ ಬಂತು! ಹಾಳೆ ಎದ್ದಿತು. ಆದರೆ ಮಡಚುವ ಬೆರಳು ಬಗ್ಗಲಿಲ್ಲ. ಮೊದಲನೆಯದು ಪುಡಿಪುಡಿ, ಎರಡನೆಯದೂ ಹಾಗೇ. ನಾನು ನೋಡುತ್ತ ನಿಂತಿದ್ದೆ. ಆಯಿ ತಿರುಗಿ ನೋಡದೆಯೇ "ನಿಂತ್ಕಂಡು ನೋಡಡ ಕೂಸೆ, ಮಡಚು" ಎಂದಳು.

ಅಲ್ಲಿಂದ ಪ್ರತಿವರ್ಷ ಅವಳು ತೊಡೆದಳು, ನಾನು ಮಡಚಿದೆ. ಮುರಿದ ಚೂರನ್ನು ಬಾಯಿಗೆ ಹಾಕಿ "ರುಚಿ ನೋಡಿದ್ದು" ಎನ್ನುವ ಸಬೂಬನ್ನು ಮಾತ್ರ ಆಯಿ ಕೊನೆಯವರೆಗೂ ಬಿಡಲಿಲ್ಲ.

ಆಯಿ ಹೋದ ಮೇಲೂ ಹೆಗ್ಗರಣೆಯಿಂದ ಕಬ್ಬಿನ ಹಾಲು ಬರುತ್ತದೆ. ಈ ಸಲ ಗಡಿಗೆ ಇಳಿಸಿ, ಬೆಂಕಿ ಹಾಕಿ, ನಾನೇ ತೊಡೆದೆ. ಒಂದು ಹಾಳೆಯೂ ಏಳಲಿಲ್ಲ. ನನ್ನ ತೋಳು ನೆಟ್ಟಗಿದೆ, ಅಂಗೈಗಳೂ ಕೂಡುತ್ತವೆ. ಆದರೆ ನನಗೆ ಬರುವುದು ಮಡಚುವುದಷ್ಟೇ.